ಪೆನ್ಸಿಲ್ಲು, ಬಣ್ಣದ ಬಿಲ್ಲೆ ಮತ್ತು ಮಾರಾಟಕ್ಕಿರುವ ಮನೆ

ದೀಪಾವಳಿಗೆ ಊರಿಗೆ ಹೋಗಿದ್ದೆ. ಊಟದ ಕೊನೆಗೆ ಮಜ್ಜಿಗೆ ಬಡಿಸಿಕೊಳ್ತಾ ಮಾವ ತಣ್ಣಗೆ "ಈ ಮನೆ ಕೊಟ್ಟುಬಿಡೋಣ ಅಂತ ಮಾಡಿದೀನಿ, ನೋಡ್ಕೊಳ್ಳೋರು ಯಾರಿದಾರೆ ಇಲ್ಲಿ" ಅಂದರು. ಯಾರೂ ಏನೂ ಹೇಳಲಿಲ್ಲ. ಕೈ ತೊಳೆಯೋಕೆ ಅಂತ ಎದ್ದುಹೋದ ಅಮ್ಮ ತುಂಬ ಹೊತ್ತು ಬಚ್ಚಲ ಕಡೆಯಿಂದ ಬರಲೇ ಇಲ್ಲ.

ಸಾಗರದ ಹತ್ತಿರದ ಅಜ್ಜನ ಮನೆ ಅದು. ಮರುದಿನ ನಾನು ಮೊಬೈಲ್ ಹಿಡಿದು ಮನೆಯ ಸುತ್ತ ಮೂರು ಸುತ್ತು ಹೊಡೆದೆ. ಹಂಚು, ಅಟ್ಟ, ಕೊಟ್ಟಿಗೆ, ದಣಪೆ, ಎಲ್ಲ ಸೇರಿ ನಾನೂರು ಫೋಟೋ. ಕೆಲಸ ಮುಗೀತು ಅಂದುಕೊಂಡು ಬೆಂಗಳೂರಿನ ಬಸ್ ಹತ್ತಿದೆ. ಹದಿನೈದು ದಿನ ಬಿಟ್ಟು ಅಮ್ಮ ಫೋನಿನಲ್ಲಿ ಏನೋ ಮಾತಿಗೆ, "ಜಗಲೀಲಿ ಎಷ್ಟು ಮುಂಡಿಗೆ ಇತ್ತೋ, ಐದಾ ಆರಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ! ಹುಟ್ಟಿದಾಗಿನಿಂದ ಪ್ರತಿ ಬೇಸಿಗೆ ರಜೆಯಲ್ಲೂ ಆ ಮುಂಡಿಗೆಗಳನ್ನೇ ಹಿಡಿದು ಕಂಬದಾಟ ಆಡಿದವನು ನಾನು. ಫೋಟೋ ತೆಗೆದು ನೋಡಿದರೆ ಒಂದರಲ್ಲಿ ನಾಲ್ಕು ಕಾಣುತ್ತೆ, ಇನ್ನೊಂದರಲ್ಲಿ ಅಡಿಕೆ ಚೀಲ ಅಡ್ಡ. ನಾನೂರು ಸಲ ಬಟನ್ ಒತ್ತಿದ್ದೆ, ಒಂದು ಸಲವೂ ನೋಡಿರಲಿಲ್ಲ.

ಬರೆದರೆ ಮಾತ್ರ ನೋಡ್ತೀನೇನೋ ಅನ್ನಿಸಿತು. ಚಿತ್ರ ಮತ್ತು ಮಾತು ಎರಡೂ ಇರೋ ಒಂದು ದಿನಚರಿ. ಈಗ ಇದನ್ನ ಆರ್ಟ್ ಜರ್ನಲ್ ಅಂತಾರಂತೆ. ಕಾಲೇಜಿನ ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗ್ ಬಿಟ್ಟರೆ ನಾನು ಗೆರೆ ಎಳೆದದ್ದೇ ಇಲ್ಲ. ಹಾಗಾಗಿ ನನ್ನಂಥವರು ಮಾಡುವ ಕೆಲಸವನ್ನೇ ಮಾಡಿದೆ, ಸಾಮಾನು ಕೊಂಡೆ. ನಲವತ್ತೆಂಟರ ಬಣ್ಣದ ಪೆನ್ಸಿಲ್ ಡಬ್ಬಿ, ಇಪ್ಪತ್ತನಾಲ್ಕು ಟ್ಯೂಬು, ಹನ್ನೊಂದು ಬ್ರಷ್ಷು, ಕಪ್ಪು ರಟ್ಟಿನ ವಿದೇಶಿ ಪುಸ್ತಕ. ಬಿಲ್ಲು ಎಷ್ಟು ಅಂತ ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಒಂದು ತಿಂಗಳಾದ ಮೇಲೂ ಪುಸ್ತಕದ ಮೊದಲ ಪುಟ ಹಾಲಿನಂತೆ ಬೆಳ್ಳಗೆ ಇತ್ತು. ಅಷ್ಟು ಒಳ್ಳೆ ಕಾಗದ ಹಾಳು ಮಾಡೋಕೆ ಧೈರ್ಯ ಬರಬೇಕಲ್ಲ!

ಕೋಡ್ ಬರೆಯೋಕೆ ಬೇಜಾರಾದಾಗ ಡಾಕ್ಯುಮೆಂಟೇಷನ್ ಓದುವ ಚಟ ನಮ್ಮ ಜನಕ್ಕೆ. ಚಿತ್ರ ಬರೆಯೋದು ಬಿಟ್ಟು ಈ ಪೆನ್ಸಿಲ್ಲು, ಬಣ್ಣ, ಕಾಗದ ಎಲ್ಲಿಂದ ಬಂದವು ಅಂತ ಓದುತ್ತಾ ಕೂತೆ. ಅದನ್ನೇ ಇಲ್ಲಿ ಹೇಳ್ತಿರೋದು.

ಮೊದಲು ಪೆನ್ಸಿಲ್ಲು. ಇಂಗ್ಲೆಂಡಿನ ಉತ್ತರದಲ್ಲಿ ಕಂಬರ್ಲೆಂಡ್ ಅನ್ನೋ ಗುಡ್ಡಗಾಡು ಸೀಮೆ. ಅಲ್ಲಿಯ ಬಾರೋಡೇಲ್ ಕಣಿವೆಯಲ್ಲಿ ಹದಿನಾರನೇ ಶತಮಾನದಲ್ಲಿ ಕಪ್ಪಗೆ ಹೊಳೆಯುವ, ಮುಟ್ಟಿದರೆ ಕೈಗೆ ಮೆತ್ತುವ ಕಲ್ಲು ಸಿಕ್ಕಿತು. ಕುರಿ ಕಾಯುವವರು ಅದರಿಂದ ಕುರಿಗಳ ಮೈಮೇಲೆ ಗುರುತು ಹಾಕುತ್ತಿದ್ದರು ಅಂತ ಕಥೆ. ಸೀಸದ ಜಾತಿ ಅಂತ ತಿಳಿದು 'ಕಪ್ಪು ಸೀಸ' ಅಂದರು. ನಾವು ಇವತ್ತಿಗೂ ಪೆನ್ಸಿಲ್ಲಿನ ಒಳಗಿರೋದನ್ನ ಸೀಸ, ಲೆಡ್ಡು ಅಂತಲೇ ಕರೀತೀವಿ, ಅದರಲ್ಲಿ ಸೀಸದ ಒಂದು ಕಣವೂ ಇಲ್ಲ. ಅದು ಇಂಗಾಲದ ಒಂದು ರೂಪ ಅಂತ ತೋರಿಸಿದ್ದು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ, 1779ರಲ್ಲಿ. ಗ್ರಾಫೈಟ್ ಅನ್ನೋ ಹೆಸರು ಬಂದದ್ದು ಇನ್ನೂ ಹತ್ತು ವರ್ಷ ಬಿಟ್ಟು. ಮರದ ಹಿಡಿಯೊಳಗೆ ಇದನ್ನು ಸಿಕ್ಕಿಸಿದ ಪೆನ್ಸಿಲ್ಲಿನ ಚಿತ್ರ 1565ರಲ್ಲೇ ಅಚ್ಚಾಗಿದೆ. ಅಚ್ಚು ಹಾಕಿಸಿದ್ದು ಜ್ಯೂರಿಕ್‌ನ ಪಂಡಿತ ಕಾನ್ರಾಡ್ ಗೆಸ್ನರ್, ಕಲ್ಲು ಮತ್ತು ಪಳೆಯುಳಿಕೆಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಅಂದರೆ ಪೆನ್ಸಿಲ್ಲಿನ ಮೊದಲ ಚಿತ್ರ ಇರೋದು ಓಡಾಡಿ ನೋಡಿ ಬರೆದುಕೊಳ್ಳುವವನ ಪುಸ್ತಕದಲ್ಲೇ :-)

ಬಾರೋಡೇಲ್ ಕಲ್ಲು ಎಷ್ಟು ಶುದ್ಧ ಅಂದರೆ ಗರಗಸದಲ್ಲಿ ಕೊಯ್ದು ಕಡ್ಡಿ ಮಾಡಿ ಮರದೊಳಗೆ ಇಟ್ಟರೆ ಸಾಕಿತ್ತು. ಫಿರಂಗಿ ಗುಂಡು ಎರಕ ಹೊಯ್ಯುವ ಅಚ್ಚಿಗೂ ಅದೇ ಬೇಕಿತ್ತು. ಹಾಗಾಗಿ ಗಣಿಗೆ ಕಾವಲು, ಕದ್ದವರಿಗೆ ಶಿಕ್ಷೆ. 1752ರಲ್ಲಿ ಅದಕ್ಕಾಗಿಯೇ ಅಲ್ಲಿಯ ಪಾರ್ಲಿಮೆಂಟು ಕಾನೂನು ಮಾಡಿತು.

1793ರಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಶುರುವಾಯಿತು, ಕಲ್ಲು ಬರೋದು ನಿಂತಿತು. ಇರೋ ಗ್ರಾಫೈಟ್ ಕಳಪೆ, ಪುಡಿ ಪುಡಿ. ಆಗ ಈ ಕೆಲಸಕ್ಕೆ ಕೈಹಾಕಿದವನು ನಿಕೊಲಾ ಜಾಕ್ ಕಾಂಟೆ. ಸೈನ್ಯದ ಬಲೂನುಗಳ ಪ್ರಯೋಗದಲ್ಲಿ ಎಡಗಣ್ಣು ಕಳಕೊಂಡ ಆಸಾಮಿ. ಪುಡಿಗೆ ಜೇಡಿಮಣ್ಣು ಕಲಸಿ, ನೀರಲ್ಲಿ ನಾದಿ, ಕಡ್ಡಿ ಮಾಡಿ, ಕುಂಬಾರನ ಹಾಗೆ ಗೂಡಿನಲ್ಲಿ ಸುಟ್ಟ. 1795ರಲ್ಲಿ ಪೇಟೆಂಟ್ ಸಿಕ್ಕಿತು. ಇಲ್ಲಿ ನನಗೆ ಖುಷಿಕೊಟ್ಟ ವಿಷಯ ಏನಂದರೆ, ಕಳಪೆ ಮಾಲಿನ ಉಪಾಯ ಒಳ್ಳೇ ಮಾಲನ್ನೇ ಮೀರಿಸಿಬಿಟ್ಟಿತು. ಜೇಡಿಮಣ್ಣು ಜಾಸ್ತಿ ಆದರೆ ಕಡ್ಡಿ ಗಟ್ಟಿ, ಗೆರೆ ತೆಳು. ಕಮ್ಮಿ ಆದರೆ ಮೆತ್ತಗೆ, ಗೆರೆ ಕಪ್ಪು. ಬೇಕಾದ ಹದವನ್ನು ಬೇಕಾದಂತೆ ಮಾಡಬಹುದು. ಅಂಗಡಿಯಲ್ಲಿ ಎಚ್‌ಬಿ, ಟೂಬಿ, ಫೋರ್‌ಬಿ ಅಂತ ಕೇಳ್ತೀವಲ್ಲ, ಅದು ಈ ಮಣ್ಣಿನ ಲೆಕ್ಕ.

ಬಣ್ಣದ ಕಥೆಯಲ್ಲಿ ಇನ್ನೂ ಹೆಚ್ಚು ಬೆವರು. ಹಿಂದೆ ಬಣ್ಣ ಅಂದರೆ ಅರೆಯೋ ಕೆಲಸ. ಕಲ್ಲಿನ ಮೇಲೆ ಪುಡಿ ಹಾಕಿ, ಜಾಲಿ ಜಾತಿಯ ಮರದ ಅಂಟು ಬೆರೆಸಿ ಗಂಟೆಗಟ್ಟಲೆ ಅರೆಯಬೇಕು. ಅದನ್ನು ಹೊತ್ತು ಊರೂರು ತಿರುಗೋದು ಹೇಗೆ? ಲಂಡನ್ನಿನ ರೀವ್ಸ್ ಅಣ್ಣತಮ್ಮಂದಿರು ಬಣ್ಣವನ್ನು ಸಾಬೂನಿನ ತರ ಸಣ್ಣ ಬಿಲ್ಲೆ ಮಾಡಿ ಮಾರಿದರು. ಅದಕ್ಕೆ 1781ರಲ್ಲಿ ಬಹುಮಾನವೂ ಬಂತು. ಆ ಬಿಲ್ಲೆಯೂ ಗಟ್ಟಿ, ತಟ್ಟೆಯಲ್ಲಿ ನೀರು ಹಾಕಿ ಗಂಧದ ಕೊರಡಿನಂತೆ ತೇಯಬೇಕಿತ್ತು. 1832ರಲ್ಲಿ ಶುರುವಾದ ವಿನ್ಸರ್ ಅಂಡ್ ನ್ಯೂಟನ್ ಅಂಗಡಿಯವರು 1835ರಲ್ಲಿ ಗ್ಲಿಸರಿನ್ ಸೇರಿಸಿದ ಮೆತ್ತನೆ ಬಿಲ್ಲೆ ತಂದರು. ಒದ್ದೆ ಬ್ರಷ್ ತಾಗಿಸಿದರೆ ಬಣ್ಣ ಬರುತ್ತೆ. ಮಕ್ಕಳ ಪೆಟ್ಟಿಗೆಯಲ್ಲಿರೋ ಬಿಲ್ಲೆಗೆ ಇವರೆಲ್ಲ ಅಜ್ಜಂದಿರು. ಟ್ಯೂಬು ಬಂದದ್ದು 1841ರಲ್ಲಿ, ಲಂಡನ್ನಿನಲ್ಲಿದ್ದ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ಮಾಡಿದ್ದು. ಅದಕ್ಕೆ ಮುಂಚೆ ಎಣ್ಣೆ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ ದಾರ ಕಟ್ಟಿಡುತ್ತಿದ್ದರಂತೆ. ಹಾಗೆ ನೋಡಿದರೆ ನಮ್ಮ ಬಾಂಬೆಯಲ್ಲಿ 1931ರಲ್ಲಿ ಶುರುವಾದ ಕ್ಯಾಮ್ಲಿನ್ ಮೊದಲು ಮಾಡಿದ್ದು ಶಾಯಿಯ ಪುಡಿ ಮತ್ತು ಗುಳಿಗೆ. ಶಾಲೆಯ ಬಣ್ಣದ ಪೆಟ್ಟಿಗೆ ಆಮೇಲೆ.

ನನ್ನ ಇಪ್ಪತ್ತನಾಲ್ಕು ಟ್ಯೂಬಿನಲ್ಲಿ ಎರಡರ ಬಗ್ಗೆ ಮಾತ್ರ ಹೇಳಿಬಿಡ್ತೀನಿ. ಒಂದು ಅಲ್ಟ್ರಾಮರೀನ್ ನೀಲಿ. ಅಫಘಾನಿಸ್ತಾನದ ಬದಕ್ಷಾನ್‌ನಿಂದ ಬರುತ್ತಿದ್ದ ಲಾಜವರ್ದಿ ಕಲ್ಲು ಅರೆದು ಮಾಡುತ್ತಿದ್ದ, ಕೈಗೆಟುಕದ ಬಣ್ಣ. ಕಡಿಮೆ ಬೆಲೆಗೆ ಮಾಡಿಕೊಟ್ಟವರಿಗೆ ಆರು ಸಾವಿರ ಫ್ರಾಂಕ್ ಬಹುಮಾನ ಅಂತ ಫ್ರಾನ್ಸಿನ ಕೈಗಾರಿಕಾ ಸಂಘವೊಂದು 1824ರಲ್ಲಿ ಸಾರಿತು, 1828ರಲ್ಲಿ ಗಿಮೇ ಅನ್ನುವವನಿಗೆ ಕೊಟ್ಟಿತು. ಆ ಕೃತಕ ನೀಲಿಯೇ ಮುಂದೆ ಬಿಳಿ ಪಂಚೆಗೆ ಹಾಕುವ ನೀಲಿಯೂ ಆಯಿತು. ಇನ್ನೊಂದು ಬರ್ನ್ಟ್ ಸಿಯೆನಾ. ಹೆಸರು ಇಟಲಿಯ ಊರಿನದು, ವಸ್ತು ಮಾತ್ರ ಕಬ್ಬಿಣದಂಶ ಇರುವ ಮಣ್ಣನ್ನು ಸುಟ್ಟದ್ದು. ನಮ್ಮ ಸಾಗರದ ಕಡೆ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುವ ಗೋಡೆಗೆ ಬಳಿಯುತ್ತಾರಲ್ಲ ಕೆಮ್ಮಣ್ಣು, ಅದರ ಕೆಂಪೂ ಇದೇ ಕಬ್ಬಿಣದ್ದೇ! ಅವರ ಸಾಮಾನಿನ ಪಟ್ಟಿ ನೋಡಿ: ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬ್ರಷ್ಷಿಗೆ ಪುಂಡಿ ನಾರು. ಇಷ್ಟರಲ್ಲಿ ಮದುವೆ ಮನೆಯ ಗೋಡೆಯೂ ಆಗುತ್ತೆ, ಭೂಮಿ ಹುಣ್ಣಿಮೆಯ ಬುಟ್ಟಿಯೂ ಆಗುತ್ತೆ. ನಾನು ಹನ್ನೊಂದು ಬ್ರಷ್ ಇಟ್ಟುಕೊಂಡು ಕೂತಿದ್ದೆ.

ಇವರೆಲ್ಲರ ಮಧ್ಯೆ ನನ್ನನ್ನು ಹಿಡಿದು ಕೂರಿಸಿದ್ದು ಯೂಜೀನ್ ದೆಲಾಕ್ರ್ವಾ. ಫ್ರಾನ್ಸಿನ ಹೆಸರಾಂತ ಚಿತ್ರಕಾರ. 1832ರ ಜನವರಿಯಲ್ಲಿ ರಾಜತಾಂತ್ರಿಕ ತಂಡವೊಂದರ ಜೊತೆ ಮೊರಾಕ್ಕೊಗೆ ಹೋದ, ಜುಲೈಗೆ ವಾಪಸು. ಮತ್ತೆ ಯಾವತ್ತೂ ಅಲ್ಲಿಗೆ ಹೋಗಲಿಲ್ಲ. ಕ್ಯಾಮರಾ ಇನ್ನೂ ಬಂದಿರಲಿಲ್ಲ. ಬಣ್ಣದ ಟ್ಯೂಬಾಗಲಿ, ಗ್ಲಿಸರಿನ್ ಬಿಲ್ಲೆಯಾಗಲಿ ಇರಲಿಲ್ಲ. ಮನುಷ್ಯರ ಚಿತ್ರ ಬರೆಯೋದನ್ನು ಅಲ್ಲಿಯ ಜನ ಇಷ್ಟಪಡುತ್ತಿರಲಿಲ್ಲ, ಕೂತು ನಿಧಾನವಾಗಿ ಬರೆಯೋ ಹಾಗಿಲ್ಲ. ಆದರೂ ಏಳು ಪುಸ್ತಕ ತುಂಬಿಸಿದ. ಅವುಗಳಲ್ಲಿ ಕೆಲವು ಪ್ಯಾರಿಸ್ಸಿನ ಲೂವ್ರ್‌ನಲ್ಲಿವೆ, ಒಂದು ಶಾಂಟಿಯಿಯ ಅರಮನೆಯಲ್ಲಿದೆ. ಪುಟಗಳ ಚಿತ್ರಗಳನ್ನು ನೋಡಿದರೆ ನಿಮಗೂ ನಗು ಬರಬಹುದು: ಒಂದು ಮೂಲೆಯಲ್ಲಿ ಬಾಗಿಲು, ಪಕ್ಕದಲ್ಲಿ ಕುದುರೆಯ ಅರ್ಧ ಮೈ, ಮಧ್ಯೆ ಎಲ್ಲ ಅವಸರದ ಅಕ್ಷರ. ಬಣ್ಣ ಹಚ್ಚಲು ಪುರುಸೊತ್ತಿಲ್ಲದ ಕಡೆ ಬಣ್ಣದ ಹೆಸರನ್ನು ಬರೆದುಬಿಡೋದು! ಗೋಡೆ ಯಾವ ಬಣ್ಣ, ನೆರಳು ಯಾವ ಬಣ್ಣ ಅಂತ ಪೆನ್ಸಿಲ್ಲಲ್ಲಿ ಗೀಚಿಕೊಂಡು, ಬಿಡುವಾದಾಗ ಜಲವರ್ಣ ಹಚ್ಚೋದು. ಫೆಬ್ರವರಿ 21ರಂದು ಟಾಂಜಿಯರ್‌ನ ಯಹೂದಿ ಮನೆಯೊಂದರ ಮದುವೆಗೆ ಹೋಗಿದ್ದ. ಅಲ್ಲಿ ಬರೆದುಕೊಂಡದ್ದನ್ನು ಇಟ್ಟುಕೊಂಡು ಮಾಡಿದ ದೊಡ್ಡ ಚಿತ್ರ ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕೆ ಬಂದದ್ದು 1841ರಲ್ಲಿ. ಒಂಬತ್ತು ವರ್ಷ! ಮಾರ್ಚ್ 22ಕ್ಕೆ ಮೆಕ್ನೆಸ್‌ನಲ್ಲಿ ಕಂಡ ಸುಲ್ತಾನನ ಚಿತ್ರ 1845ರಲ್ಲಿ.

ಆ ರಾತ್ರಿ ಟ್ಯೂಬುಗಳನ್ನೆಲ್ಲ ಎತ್ತಿ ಅಟ್ಟದ ಮೇಲಿಟ್ಟೆ. ಒಂದು ಟೂಬಿ ಪೆನ್ಸಿಲ್ಲು, ಹನ್ನೆರಡು ಬಿಲ್ಲೆಯ ಪೆಟ್ಟಿಗೆ, ತುದಿ ಚೂಪಾಗುವ ಒಂದು ದುಂಡನೆ ಬ್ರಷ್, ಹಳೇ ಬನಿಯನ್ನಿನ ತುಂಡು, ನೀರಿನ ಬಾಟಲಿ. ಪೆಟ್ಟಿಗೆಯಲ್ಲೂ ಹೆಚ್ಚು ಖರ್ಚಾಗೋದು ಆ ನೀಲಿ, ಆ ಸುಟ್ಟ ಮಣ್ಣು. ಎರಡೂ ಬೆರೆಸಿದರೆ ಮಳೆಗಾಲದ ಮೋಡದ ಬೂದು ಬರುತ್ತೆ, ಮಾಡಿ ನೋಡಿ. ಕಾಗದದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಪ್ರಿಂಟರಿನ ಎಂಬತ್ತು ಜಿಎಸ್‌ಎಮ್ ಹಾಳೆ ನೀರು ಬಿದ್ದ ಕೂಡಲೇ ಹಪ್ಪಳದಂತೆ ಸುರುಟುತ್ತೆ. ಜಲವರ್ಣದ ಕಾಗದಕ್ಕೆ ಅಂಟು ಕುಡಿಸಿರುತ್ತಾರೆ, ಅದಕ್ಕೇ ಬಣ್ಣ ತಕ್ಷಣ ಒಳಗೆ ಇಂಗದೆ ಮೇಲೆ ನಿಲ್ಲೋದು. ಇನ್ನೂರರ ಮೇಲಿನ ದಪ್ಪ ಇರೋ ಸಣ್ಣ ಪುಸ್ತಕ ಸಾಕು. ವಿದೇಶಿ ಪುಸ್ತಕದ ಮೊದಲ ಪುಟದಲ್ಲಿ ಬೇಕಂತಲೇ ಕಾಫಿ ಲೋಟ ಇಟ್ಟು ಉಂಗುರ ಮೂಡಿಸಿದೆ. ಆಮೇಲೆ ಹೆದರಿಕೆ ಹೋಯ್ತು.

ಸಂಕ್ರಾಂತಿಗೆ ಅಮ್ಮನನ್ನು ಕರಕೊಂಡು ಹೋದೆ. ಯುಗಾದಿ ಕಳೆದ ಮೇಲೆ ರಿಜಿಸ್ಟ್ರೇಷನ್ ಅಂತ ಮಾವ ಹೇಳಿದರು. ಅಂಗಳದಲ್ಲಿ ಅಡಿಕೆ ಹರವಿತ್ತು. ಬಿಸಿಲಿಗೆ ಬೆನ್ನು ಕೊಟ್ಟು ಕೂತು ಎರಡು ಗಂಟೆ ಜಗಲಿ ಬರೆದೆ. ಸೂರಿನ ಗೆರೆ ಸೊಟ್ಟ, ಬಾಗಿಲು ಕುಳ್ಳ. ಮುಂಡಿಗೆ ಐದು. ಇನ್ನು ಮರೆಯಲ್ಲ.

ಅಮ್ಮ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿ, "ಮೂರನೇದರಲ್ಲಿ ಕೊಡಲಿ ಪೆಟ್ಟಿದೆ, ಬಿಟ್ಟಿದೀಯ" ಅಂದಳು. ಹೋಗಿ ನೋಡಿದೆ. ಮೊಣಕಾಲೆತ್ತರದಲ್ಲಿ ಹಳೇ ಗಾಯ, ಸವೆದು ನುಣುಪಾಗಿದೆ. "ನಾನೇ ಹೊಡೆದಿದ್ದು. ಆರು ವರ್ಷ ಇರಬೇಕು. ಅಪ್ಪಯ್ಯ ಬೈಲೇ ಇಲ್ಲ." ಈ ಕಥೆ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಗಾಯ ಬರೆದೆ. ಅಟ್ಟದ ಕಿಟಕಿಗೆ ಯಾವ ಬಣ್ಣ ಹಚ್ಚೋದು ಅಂತ ಕೇಳಿದೆ. ಅಮ್ಮ ಪೆನ್ಸಿಲ್ ಇಸಕೊಂಡು, ಅಲ್ಲಿಂದ ಒಂದು ಗೆರೆ ಎಳೆದು, ತನ್ನ ದುಂಡನೆ ಅಕ್ಷರದಲ್ಲಿ ಬರೆದಳು: "ಕಪ್ಪಲ್ಲ, ಹೊಗೆ ಹಿಡಿದ ಕಂದು. ಬೆಳಗ್ಗೆ ಬಂದು ನೋಡು."