ಶುಂಠಿ, ಕೊಳವೆ ಮತ್ತು ಉಸಿರು



ಎರಡು ವರ್ಷಗಳ ಹಿಂದೆ ನನ್ನ ಅಣ್ಣನವರನ್ನು ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಿದ್ದರು. ಮೂರನೆಯ ದಿನ ಅತ್ತಿಗೆ ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ತಂದು, “ಮೂಗಿನ ನಳಿಗೆಯಲ್ಲಿ ಆಹಾರ ಬಿಡುತ್ತೀಯಲ್ಲಮ್ಮ, ಇದನ್ನೂ ನಾಲ್ಕು ಚಮಚ ಬಿಡು; ಎದೆಗೆ ಕಫ ಕಟ್ಟದಿರಲಿ” ಎಂದು ದಾದಿಯನ್ನು ಬೇಡಿಕೊಂಡರು. ದಾದಿ ಒಪ್ಪಲಿಲ್ಲ. ಅತ್ತಿಗೆಯವರ ಬೇಡಿಕೆ ಬರಿಯ ಮೌಢ್ಯವೇ? ಈ ಪ್ರಶ್ನೆ ನನ್ನನ್ನು ಒಂದು ಚರಿತ್ರೆಯತ್ತ ಒಯ್ದಿತು.

1952ರ ಆಗಸ್ಟ್ ತಿಂಗಳು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಪಿಡುಗು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟೇ. ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ 12 ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ಕೊರಳಿನ ಮೂಲಕ ಕೊಳವೆ ಇರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಅದುಮಿ ಗಾಳಿ ತುಂಬಿಸಿದರು. ಬಳಿಕ ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲ ಅದುಮಿ ಅನೇಕ ರೋಗಿಗಳ ಪ್ರಾಣ ಉಳಿಸಿದರು. ಇಂದಿನ ನಿಗಾ ಘಟಕಗಳ ಮೂಲ ಅಲ್ಲಿದೆ.

ಆದರೆ ಉಸಿರಿತ್ತ ಕೊಳವೆಯೇ ರೋಗಕ್ಕೂ ದಾರಿಯಾಯಿತು. ಕೊಳವೆ ಇಟ್ಟವರು ಸರಿಯಾಗಿ ಕೆಮ್ಮಲಾರರು. ಬಾಯಿಯ ಜೊಲ್ಲು, ಜಠರದಿಂದ ಮೇಲೇರಿದ ದ್ರವ ಕೊಳವೆಯ ಹೊರ ಅಂಚಿನಲ್ಲಿ ಜಿನುಗಿ ಕ್ರಿಮಿಗಳನ್ನು ಶ್ವಾಸಕೋಶಕ್ಕೆ ಒಯ್ಯುತ್ತವೆ; ನ್ಯುಮೋನಿಯ ಮೊಳೆಯುತ್ತದೆ. 1999ರಲ್ಲಿ ಪ್ರಕಟವಾದ ಬಾರ್ಸಿಲೋನಾದ ಅಧ್ಯಯನವೊಂದರಲ್ಲಿ, ತಲೆಯ ಭಾಗವನ್ನು ಎತ್ತರಿಸಿ ಮಲಗಿಸಿದವರ ಪೈಕಿ ಶೇಕಡಾ 8 ಮಂದಿಯಲ್ಲಿ ನ್ಯುಮೋನಿಯದ ಲಕ್ಷಣ ಕಂಡರೆ, ಅಂಗಾತ ಮಲಗಿಸಿದವರಲ್ಲಿ ಶೇಕಡಾ 34 ಮಂದಿಯಲ್ಲಿ ಕಂಡಿತು.

ಈ ಚರಿತ್ರೆಯಲ್ಲಿ ಶುಂಠಿಗೂ ಒಂದು ಪುಟವಿದೆ. 2010ರಲ್ಲಿ ಇರಾನಿನ ವೈದ್ಯರು 32 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ಆಹಾರದೊಡನೆ ಶುಂಠಿಯ ಸಾರ 120 ಮಿಲಿಗ್ರಾಂ, ಉಳಿದವರಿಗೆ ತೆಂಗಿನೆಣ್ಣೆ. ಶುಂಠಿ ಪಡೆದವರ ಜಠರ ಬೇಗ ಬರಿದಾಯಿತು. ನ್ಯುಮೋನಿಯವೂ ಕಡಿಮೆ ಕಂಡಿತು. ಅತ್ತಿಗೆಯವರು ಬಯಸಿದಂತೆ ಕಫ ಕರಗಿಸಿ ಅಲ್ಲ, ಹೊಟ್ಟೆಯೊಳಗಿನದು ಮೇಲೇರದಂತೆ ನೋಡಿಕೊಂಡು ಅದು ನೆರವಾಗಬಹುದೆಂಬುದು ವೈದ್ಯರ ತರ್ಕ. ಆದರೆ ನ್ಯುಮೋನಿಯದ ಆ ಅಂತರ ಆಕಸ್ಮಿಕವಲ್ಲವೆಂದು ಸಾರಲು 32 ಜನ ಸಾಲರು.

ಸಣ್ಣ ಪ್ರಯೋಗಗಳು ಹುಟ್ಟಿಸುವ ಆಸೆಯನ್ನು ದೊಡ್ಡವು ಎಷ್ಟೋ ಸಲ ಅಳಿಸುತ್ತವೆ. ಮೊಸರಿನಲ್ಲಿರುವಂಥ ಹಿತಕಾರಿ ಜೀವಾಣುಗಳ ಬಗೆಗೂ ಇಂಥದೇ ಭರವಸೆಯಿತ್ತು. 2021ರಲ್ಲಿ ಪ್ರಕಟವಾದ, ಕೆನಡಾ ಮೊದಲಾದ ದೇಶಗಳ 2650 ರೋಗಿಗಳ ಪ್ರಯೋಗದಲ್ಲಿ ಅವನ್ನು ಪಡೆದವರಲ್ಲಿ ನ್ಯುಮೋನಿಯ ಶೇಕಡಾ 21.9, ಪಡೆಯದವರಲ್ಲಿ 21.3. ಲಾಭವೇನೂ ಕಾಣಲಿಲ್ಲ.

ಹಾಗಾದರೆ ನಿಂತದ್ದು ಯಾವುದು? ಹಲ್ಲುಜ್ಜುವ ಕುಂಚ! 2022ರ ಅಮೆರಿಕದ ಮಾರ್ಗಸೂಚಿ ನಿಗಾ ಘಟಕದ ರೋಗಿಗಳ ಹಲ್ಲುಜ್ಜುವುದನ್ನು ಅಗತ್ಯ ಕ್ರಮಗಳಲ್ಲಿ ಸೇರಿಸಿತು. ಕಷಾಯವನ್ನು ನಿರಾಕರಿಸಿದ ಆ ದಾದಿಯೇ ದಿನವೂ ಅಣ್ಣನವರ ಹಲ್ಲುಜ್ಜಿ, ಮಂಚದ ತಲೆಯನ್ನು ಎತ್ತರಿಸಿ ಹೋಗುತ್ತಿದ್ದಳು. ಅದರ ಅರ್ಥ ಅಂದು ನಮಗೆ ತಿಳಿದಿರಲಿಲ್ಲ.

ಅಣ್ಣನವರು ಮನೆಗೆ ಮರಳಿದರು. ಒಬ್ಬರ ಉಳಿವಿನಿಂದ ಯಾವ ಮದ್ದಿನ ಗುಣವೂ ಸಿದ್ಧವಾಗದು. ಅತ್ತಿಗೆಯವರ ಮುಂದೆ ನಾನು ಈ ವಾದ ಹೂಡುವುದಿಲ್ಲ. ಸಂಜೆ ಅವರು ಕೊಡುವ ಶುಂಠಿ ಕಷಾಯವನ್ನು ಅಣ್ಣನವರು ಈಗ ತಾವೇ ಲೋಟ ಹಿಡಿದು ಕುಡಿಯುತ್ತಾರೆ.