ಅಡಿಕೆ ಆಯ್ದಂತೆ

ಟ್ರಯಾಜ್: ಗಾಯಾಳುಗಳನ್ನು ಚಿಕಿತ್ಸೆಯ ತುರ್ತಿಗೆ ತಕ್ಕಂತೆ ವಿಂಗಡಿಸುವುದು.

ಕೋವಿಡ್ ಕಾಲದ ‘ಟ್ರಯಾಜ್ ಕೇಂದ್ರ’ಗಳಿಂದ ಪರಿಚಿತವಾದ ಈ ಪದ, 2025ರ ಮೇ 7ರ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಯ ಹೊತ್ತಿಗೆ ಮತ್ತೆ ಕಿವಿಗೆ ಬಿತ್ತು. ತುರ್ತು ಚಿಕಿತ್ಸಾ ಘಟಕಕ್ಕೆ ಇನ್ನೊಂದು ಹೆಸರೆಂದು ಬಳಸುವವರಿದ್ದಾರೆ, ಅಲ್ಲ. ಕೆಂಪು, ಹಳದಿ, ಹಸಿರು ಪಟ್ಟಿ ಕಂಡು ‘ತ್ರಿ’ಯಿಂದ ಬಂತೆನ್ನುವವರೂ ಉಂಟು. ಕಪ್ಪು ಪಟ್ಟಿಯೂ ಇದೆಯಲ್ಲ!

ಮೂಲ ಫ್ರೆಂಚಿನ ‘ತ್ರಿಯೇ’, ಎಂದರೆ ಆಯುವುದು. ಇಂಗ್ಲಿಷಿನಲ್ಲಿ ಮೊದಲು ಉಣ್ಣೆ ವಿಂಗಡಿಸುವವರ ಮಾತು. ಆಮೇಲೆ ಕಾಫಿ ವ್ಯಾಪಾರದಲ್ಲಿ ಒಡಕು ಬೀಜದ ಹೆಸರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಡಿಕೆ ಬೇರ್ಪಡಿಸುವ ಕೈಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಒಳ್ಳೆಯದಕ್ಕೆ ಬೆಲೆ. ಆಸ್ಪತ್ರೆಯಲ್ಲಿ, ಉಳಿಸಬಹುದಾದವರ ಪೈಕಿ ಸ್ಥಿತಿ ಹೆಚ್ಚು ಕೆಟ್ಟಿರುವವರಿಗೆ ಮೊದಲ ಸರದಿ. ನೆಪೋಲಿಯನ್ನನ ಸೇನಾವೈದ್ಯ ಲಾರೆ ಹುದ್ದೆ ನೋಡದೆ ಗಾಯ ನೋಡಿದ. ವೈದ್ಯಕೀಯಕ್ಕೆ ಈ ಪದ ಅಂಟಿದ್ದು ಮಾತ್ರ ಮೊದಲ ಮಹಾಯುದ್ಧದಲ್ಲಿ.

ಅಣುದಾಳಿಯಾದರೆ ಆಯುವ ಲೆಕ್ಕವೇ ಬೇರೆ. ಮೈಮೇಲೆ ಗಾಯವಿಲ್ಲದೆ ನಡೆದು ಬಂದವನಿಗೂ ವಿಕಿರಣ ಮಾರಕವಾಗಿ ತಗುಲಿರಬಹುದು. ವಾಂತಿ ಎಷ್ಟು ಬೇಗ ಶುರುವಾಯಿತು, ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿಕಣ ಎಷ್ಟು ಇಳಿಯಿತು ಎಂದು ನೋಡುತ್ತಾರೆ. ಬಟ್ಟೆ ಕಳಚಿ ಮೈ ತೊಳೆಸಬೇಕು, ಆದರೆ ಸುರಿಯುವ ರಕ್ತ ನಿಲ್ಲಿಸುವುದು ಅದಕ್ಕೂ ಮೊದಲು.

ಕನ್ನಡದಲ್ಲಿ ‘ವಿಂಗಡಣೆ’ ರೂಢಿಯಲ್ಲಿದೆ. ನನಗೆ ‘ಆಯುವಿಕೆ’ ಇಷ್ಟ. ತಮಿಳಿನ ‘ಆಯ್’ ಇದರ ಬಳಗ. ಅಲ್ಲಿ ಅದಕ್ಕೆ ಪರೀಕ್ಷಿಸಿ ನೋಡುವ ಅರ್ಥವೂ ಇದೆ.