ಕಾಗೆ ಹೊಕ್ಕ ಮನೆ

ಹೆಸರು ಹಾಕದೆ ಬರೆದ ದೂರಿಗೆ ನಮ್ಮಲ್ಲಿ ಮೂಗರ್ಜಿ ಅಂತೀವಿ. ಫ್ರಾನ್ಸಿನಲ್ಲಿ ಅದನ್ನು ಬರೆಯುವವನಿಗೇ ಒಂದು ಹೆಸರಿದೆ: ಕೊರ್ಬೊ, ಅಂದರೆ ಕಾಗೆ. ಮೊದಲನೇ ಮಹಾಯುದ್ಧದ ಆಸುಪಾಸಿನಲ್ಲಿ ತ್ಯೂಲ್ ಅನ್ನೋ ಪಟ್ಟಣದಲ್ಲಿ ಇಂಥ ಕಾಗದಗಳ ಹಾವಳಿ ಎದ್ದಿತ್ತಂತೆ. ಅದರ ಎಳೆ ಹಿಡಿದು ಕ್ಲೂಜೊ ಅನ್ನೋ ನಿರ್ದೇಶಕ 1943ರಲ್ಲಿ 'ಲ ಕೊರ್ಬೊ' ಅಂತ ಸಿನಿಮಾ ತೆಗೆದ. ಆಮೇಲೆ ಆ ಹೆಸರೇ ನಿಂತುಬಿಟ್ಟಿತು.

ಇವತ್ತು ಬರೆಯಹೊರಟಿರೋದು ಅಂಥ ಒಂದು ಕಾಗೆ ಕಾಡಿದ ಮನೆಯ ಬಗ್ಗೆ. ಫ್ರಾನ್ಸಿನವರು 'ಗ್ರೆಗೊರಿ ಪ್ರಕರಣ' ಅನ್ನುತ್ತಾರೆ. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸರಣಿಯಾಗಿ ಬಂದಿದ್ದರಿಂದ ನಿಮ್ಮಲ್ಲಿ ಕೆಲವರು ನೋಡಿರಲೂಬಹುದು. ಕೊಂದವರು ಯಾರು ಅಂತ ನಲವತ್ತು ವರ್ಷಗಳಿಂದ ಜನ ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ, ಆ ಪತ್ತೇದಾರಿಕೆ ನನಗೆ ಬೇಡ. ಆ ಮನೆಗೆ ಪತ್ರಿಕೆಯವರು ಹೇಗೆ ಹೊಕ್ಕರು, ಹೊಕ್ಕ ಮೇಲೆ ಏನಾಯಿತು, ಅಷ್ಟೇ ನನ್ನ ವಿಷಯ. ಇನ್ನೊಂದು ಮಾತು: ಮನೆಯವರ, ನೆಂಟರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಅಚ್ಚಾಗಿದ್ದು ಸಾಕು. ಮಗುವಿನ ಹೆಸರು ಮಾತ್ರ ಬಿಡಲಾಗುವುದಿಲ್ಲ, ಪ್ರಕರಣಕ್ಕೇ ಆ ಹೆಸರು ಬಿದ್ದುಬಿಟ್ಟಿದೆ.

ಫ್ರಾನ್ಸಿನ ಪೂರ್ವಕ್ಕೆ ವೋಜ್ ಅನ್ನೋ ಗುಡ್ಡಗಾಡು ಜಿಲ್ಲೆ. ದಟ್ಟ ಕಾಡು, ಬಟ್ಟೆ ಗಿರಣಿಗಳು, ನಡುವೆ ವೊಲೊನ್ ಅನ್ನೋ ಸಣ್ಣ ಹೊಳೆ. ಅದರ ದಂಡೆಯ ಮೇಲೆ ಲೆಪಾಂಜ್ ಅನ್ನೋ ಊರು. ಸಾವಿರದ ಆಸುಪಾಸಿನ ಜನಸಂಖ್ಯೆ. ಗಂಡ ಕಾರಿನ ಸೀಟು ಮಾಡುವ ಕಾರ್ಖಾನೆಯಲ್ಲಿ ಕಾರ್ಮಿಕನಾಗಿದ್ದು ಮೇಸ್ತ್ರಿಯಾದವನು, ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯವಳು. ಇಬ್ಬರಿಗೂ ಇನ್ನೂ ಮೂವತ್ತಾಗಿರಲಿಲ್ಲ. ಊರ ಮೇಲಿನ ಇಳಿಜಾರಿನಲ್ಲಿ ಹೊಸ ಮನೆ ಕಟ್ಟಿಸಿದ್ದರು. ಒಬ್ಬನೇ ಮಗ, ನಾಲ್ಕು ವರ್ಷದವನು.

ಕಣ್ಣು ಬೀಳೋದಕ್ಕೆ ಇಷ್ಟು ಸಾಕಲ್ಲವೇ? 1981ರಿಂದಲೇ ಈ ದಂಪತಿಗೂ ಗಂಡನ ಅಪ್ಪ ಅಮ್ಮನಿಗೂ ಹೆಸರಿಲ್ಲದ ಫೋನು, ಹೆಸರಿಲ್ಲದ ಕಾಗದ ಬರತೊಡಗಿದ್ದವು. ಒಂದೆರಡಲ್ಲ, ನೂರಾರು ಕರೆಗಳು. ಗೊಗ್ಗರು ದನಿ. ಯಾರು ಯಾರ ಮನೆಗೆ ಹೋದರು, ಯಾರು ಯಾರ ಜೊತೆ ಮಾತು ಬಿಟ್ಟರು, ಎಲ್ಲಾ ಆ ದನಿಗೆ ಗೊತ್ತು. ಮೇಸ್ತ್ರಿಯಾದವನನ್ನು ವ್ಯಂಗ್ಯವಾಗಿ 'ಚೀಫ್' ಅನ್ನುತ್ತಿತ್ತು. ಮನೆಯೊಳಗಿನ ಗುಟ್ಟು ತಿಳಿದವರೇ ಯಾರೋ, ಅದಂತೂ ಎಲ್ಲರಿಗೂ ಅನ್ನಿಸಿತ್ತು. ಹಾಗಾಗಿ ಆ ಕುಟುಂಬದಲ್ಲಿ ಒಬ್ಬರು ಇನ್ನೊಬ್ಬರನ್ನು ಅನುಮಾನದಿಂದ ನೋಡೋದು ಮಗು ಕಾಣೆಯಾಗುವ ಮೊದಲೇ ಶುರುವಾಗಿತ್ತು. ಮುಂದಿನದೆಲ್ಲ ಅರ್ಥವಾಗಬೇಕಾದರೆ ಇದು ನೆನಪಿರಬೇಕು. ಪತ್ರಕರ್ತರು ಬಂದಿದ್ದು ಆಗಲೇ ಬಿರುಕು ಬಿಟ್ಟಿದ್ದ ಗೋಡೆಯ ಹತ್ತಿರಕ್ಕೆ.

1984ರ ಅಕ್ಟೋಬರ್ 16, ಮಂಗಳವಾರ. ಸಂಜೆ ಐದರ ಹೊತ್ತಿಗೆ ಅಮ್ಮ ಮಗನನ್ನು ನೋಡಿಕೊಳ್ಳುವವಳ ಮನೆಯಿಂದ ಕರೆತಂದು, ಒಳಗೆ ಇಸ್ತ್ರಿ ಮಾಡುತ್ತಿದ್ದಳು. ಹುಡುಗ ಮನೆ ಮುಂದೆ ಜಲ್ಲಿ ರಾಶಿಯ ಹತ್ತಿರ ಆಡುತ್ತಿದ್ದ. ಅರ್ಧ ಗಂಟೆಯೊಳಗೆ ಹೊರಗೆ ಬಂದು ಕರೆದರೆ ಇಲ್ಲ. ಅಷ್ಟರಲ್ಲಿ ಅವಳ ಗಂಡನ ಅಣ್ಣನ ಮನೆಗೆ ಆ ದನಿಯ ಫೋನು ಬಂದಿತ್ತು. ಮಗುವನ್ನು ಹೊಳೆಗೆ ಹಾಕಿದ್ದೇನೆ ಅಂತ. ರಾತ್ರಿ ಒಂಬತ್ತೂ ಕಾಲಿಗೆ, ಹೊಳೆಯ ಕೆಳಭಾಗದ ದೋಸೆಲ್ ಊರಿನಲ್ಲಿ ಮಗು ಸಿಕ್ಕಿತು. ಕೈಕಾಲು ಕಟ್ಟಿತ್ತು. ಮಾರನೇ ದಿನ ಅಪ್ಪನ ಹೆಸರಿಗೆ ಕಾಗದ ಬಂತು, ಇದು ನನ್ನ ಸೇಡು ಅಂತ.

ಮಗು ಕಾಣೆಯಾಗಿದ್ದು ನಾಲ್ಕು ಗಂಟೆ. ಆ ನಾಲ್ಕನೇ ಗಂಟೆಗೇ ಕ್ಯಾಮೆರಾ ಹೊಳೆದಂಡೆಯಲ್ಲಿತ್ತು. ಅಗ್ನಿಶಾಮಕ ಸಿಬ್ಬಂದಿಯೊಬ್ಬ ಆ ಪುಟ್ಟ ದೇಹವನ್ನು ಎತ್ತಿಕೊಂಡಿರುವ ಫೋಟೋ ಅಚ್ಚಾಯಿತು. ಇವತ್ತಿಗೂ ಅದು ಸುತ್ತುತ್ತಲೇ ಇದೆ.

ಅಕ್ಟೋಬರ್ 20ಕ್ಕೆ ಮಣ್ಣು ಮಾಡಿದರು. ಆ ಹೊತ್ತಿಗೆ ಪ್ಯಾರಿಸಿನಿಂದ, ನಾನ್ಸಿಯಿಂದ ಪತ್ರಿಕೆ, ರೇಡಿಯೋ, ಟಿವಿಯವರೆಲ್ಲ ಬಂದಿಳಿದಿದ್ದರು. ಕುಸಿದು ಬೀಳುತ್ತಿದ್ದ ತಾಯಿಯನ್ನು ಇಬ್ಬರು ಹಿಡಿದುಕೊಂಡಿದ್ದಾರೆ, ಎದುರಿಗೆ ಲೆನ್ಸುಗಳು. ನಮ್ಮ ಕಡೆ ಸಾವಿನ ಮನೆಯಲ್ಲಿ ಪರಿಚಯ ಇಲ್ಲದವರೂ ಬಾಗಿಲಲ್ಲಿ ನಿಂತು ತಲೆ ತಗ್ಗಿಸಿ ಹೋಗುತ್ತಾರೆ, ಅಲ್ಲಿಯೂ ಹಳ್ಳಿಯಲ್ಲಿ ಹಾಗೇ. ಇವರು ಮಾತ್ರ ತಲೆ ಎತ್ತಿಕೊಂಡೇ ಇದ್ದರು.

ಆದರೆ ಬಾಗಿಲು ಒಡೆದುಕೊಂಡು ಯಾರೂ ಒಳಗೆ ಬರಲಿಲ್ಲ, ಅದನ್ನು ಹೇಳಲೇಬೇಕು. ಬಾಗಿಲು ತೆರೆದಿತ್ತು. ಪತ್ರಕರ್ತ ಅಂದರೆ ವಿದ್ಯಾವಂತ, ಊರ ಪೊಲೀಸರಿಗಿಂತ ಹೆಚ್ಚು ತಿಳಿದವನು, ನಮ್ಮ ಪರವಾಗಿ ಕೇಳುವವನು ಅಂತ ಆ ಮನೆಯವರು ಅಂದುಕೊಂಡಿದ್ದರು. 'ಪಾರಿ ಮಾಚ್' ಪತ್ರಿಕೆಯ ವರದಿಗಾರನೊಬ್ಬ ಅಪ್ಪನಿಗೆ ಆಪ್ತನೇ ಆಗಿಬಿಟ್ಟ. ಫ್ರಾನ್ಸಿನಲ್ಲಿ ಇಂಥ ತನಿಖೆಯನ್ನು ನಡೆಸುವವನು ಒಬ್ಬ ನ್ಯಾಯಾಧೀಶ, ತನಿಖೆಯ ಕಾಗದಪತ್ರ ಗುಟ್ಟಾಗಿರಬೇಕು ಅಂತ ಕಾನೂನೇ ಇದೆ. ಆದರೆ ಇಲ್ಲಿ ಕಾಗದಪತ್ರದ ವಿಷಯ ಸಂಜೆಯೊಳಗೆ ರೇಡಿಯೋದಲ್ಲಿ ಬರುತ್ತಿತ್ತು! ತನಿಖಾ ನ್ಯಾಯಾಧೀಶ ಝಾಂ-ಮಿಶೆಲ್ ಲಾಂಬೇರ್ ಅವರಿಗೆ ಆಗ 32 ವರ್ಷ. ಕೋರ್ಟಿನ ಮೆಟ್ಟಿಲ ಮೇಲೆ ಸುದ್ದಿಗಾರರ ಜೊತೆ ಸಲೀಸಾಗಿ ಮಾತಾಡುತ್ತಿದ್ದರು. ಪತ್ರಿಕೆಗಳು ಅವರನ್ನು 'ಪುಟ್ಟ ಜಡ್ಜು' ಅಂತ ಕರೆದವು. ಮುಂದೆ 1987ರಲ್ಲಿ ಆ ಹೆಸರಿನಲ್ಲೇ ಅವರೊಂದು ಪುಸ್ತಕವನ್ನೂ ಬರೆದರು.

ನನ್ನನ್ನು ಹೆಚ್ಚು ಕಾಡಿದ್ದು ಒಬ್ಬ ಹುಡುಗಿಯ ಕಥೆ. ಅಪ್ಪನ ದೊಡ್ಡಮ್ಮ-ಚಿಕ್ಕಮ್ಮನ ಸಂಬಂಧದ ಒಬ್ಬ (ಅವರ ಲೆಕ್ಕದಲ್ಲಿ ಕಸಿನ್, ನಮ್ಮ ಲೆಕ್ಕದಲ್ಲಿ ಅಣ್ಣನೇ) ಬಟ್ಟೆ ಗಿರಣಿಯಲ್ಲಿದ್ದ. ಅವನ ಮೇಲೆ ಅನುಮಾನ ಬಂತು. ಅವನ ನಾದಿನಿ, 15 ವರ್ಷದವಳು, ಆ ಸಂಜೆ ಭಾವನ ಕಾರಿನಲ್ಲಿದ್ದೆ, ಅವನು ಮಗುವನ್ನು ಕರೆದುಕೊಂಡು ಹೋದ ಅಂತ ನವೆಂಬರ್ ಮೊದಲ ವಾರ ಪೊಲೀಸರ ಮುಂದೆ ಹೇಳಿದಳು. ನವೆಂಬರ್ 5ರಂದು ಜಡ್ಜರ ಮುಂದೆಯೂ ಹೇಳಿದಳು. ಭಾವನ ಬಂಧನವಾಯಿತು.

ಆಮೇಲೆ ನಡೆದದ್ದು ನೋಡಿ. ಕೊಲೆ ಮೊಕದ್ದಮೆಯ ಮುಖ್ಯ ಸಾಕ್ಷಿ, ಅದೂ ಹದಿನೈದರ ಹುಡುಗಿ. ಅವಳನ್ನು ಅದೇ ಸಂಜೆ ಅದೇ ಕುಟುಂಬದ ನಡುವೆ ವಾಪಸ್ ಕಳಿಸಿದರು. ಅವಳು ಹೇಳಿದ್ದೇನು ಅನ್ನೋದು ಇಡೀ ದೇಶಕ್ಕೆ ಗೊತ್ತಾಗಿತ್ತು, ಮನೆ ಮುಂದೆ ಕ್ಯಾಮೆರಾಗಳು. ಎರಡೇ ದಿನದಲ್ಲಿ ಅದೇ ಕ್ಯಾಮೆರಾಗಳ ಮುಂದೆ ಅವಳು, ನನ್ನ ಭಾವ ನಿರಪರಾಧಿ, ನಾನು ಆ ಕಾರಿನಲ್ಲಿ ಇರಲೇ ಇಲ್ಲ ಅಂದಳು. ಪೊಲೀಸರು ಹೆದರಿಸಿ ಹೇಳಿಸಿದರು ಅಂತ ಆರೋಪಿಸಿದಳು. ಇವತ್ತಿನವರೆಗೂ ಆ ಮಾತಿಗೇ ಅಂಟಿಕೊಂಡಿದ್ದಾಳೆ. ಮೊದಲು ಹೇಳಿದ್ದು ನಿಜವೋ ಆಮೇಲೆ ಹೇಳಿದ್ದು ನಿಜವೋ ನಾನು ತೀರ್ಪು ಕೊಡುವುದಿಲ್ಲ. ಒಂದು ಮಗುವಿನ ಸಾಕ್ಷ್ಯ ಮೈಕುಗಳ ಗುಂಪಿನೊಳಗೆ ಹೊಕ್ಕು ಹೊರಬಂದ ಮೇಲೆ ಅದರಲ್ಲಿ ಸತ್ಯ ಯಾವುದು ಅಂತ ಹೆಕ್ಕೋದು ಯಾರಿಂದಲೂ ಆಗದ ಕೆಲಸವಾಯಿತು. ಈ ಪ್ರಕರಣ ಇನ್ನೂ ಬಗೆಹರಿಯದೆ ಇರುವುದಕ್ಕೆ ಒಂದು ದೊಡ್ಡ ಕಾರಣ ಆ ಎರಡು ದಿನ ಅಂತ ನನಗನ್ನಿಸುತ್ತೆ.

ಬರಹ ತಜ್ಞರ ವರದಿಗಳು ವಿಧಾನದ ತಪ್ಪಿನಿಂದ ರದ್ದಾದವು. 1985ರ ಫೆಬ್ರವರಿ 4ಕ್ಕೆ ಆ ಮನುಷ್ಯ ಬಿಡುಗಡೆಯಾದ. ಆದರೆ ಅಷ್ಟರಲ್ಲಿ ಮಗುವಿನ ಅಪ್ಪನ ತಲೆಯಲ್ಲಿ ತೀರ್ಪು ಆಗಿಹೋಗಿತ್ತು. ಗುಟ್ಟಾಗಿರಬೇಕಿದ್ದ ವಿವರಗಳೆಲ್ಲ ಬಂದು ಬಂದು ಅವನ ಕಿವಿಗೆ ಬೀಳುತ್ತಿದ್ದವಲ್ಲ. ಕೊಲ್ಲುತ್ತೇನೆ ಅಂತ ಅವನು ಹೇಳಿಕೊಂಡು ತಿರುಗುತ್ತಿದ್ದದ್ದು ಪತ್ರಕರ್ತರಿಗೂ ಗೊತ್ತಿತ್ತು, ಅಧಿಕಾರಿಗಳಿಗೂ ಗೊತ್ತಿತ್ತು. ಮಾರ್ಚ್ 29ರಂದು ಬಂದೂಕು ಹಿಡಿದು ಹೋಗಿ, ಕೆಲಸದಿಂದ ಮನೆಗೆ ಬಂದವನನ್ನು ಹೆಂಡತಿಯ ಕಣ್ಣೆದುರೇ ಹೊಡೆದ. ಸತ್ತವನಿಗೆ 29 ವರ್ಷ. ಅವನ ಮೇಲಿನ ಆರೋಪ ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ, ಆಗುವುದಕ್ಕೆ ಅವನೇ ಉಳಿಯಲಿಲ್ಲ.

ಈಗ ಒಬ್ಬ ಆರೋಪಿ ಸತ್ತ, ಅಪ್ಪ ಜೈಲಿಗೆ ಹೋದ. ಉಳಿದವಳು ಅಮ್ಮ.

ಅವಳ ಕಡೆ ತಿರುಗಿದ್ದು ಆ ಹೊತ್ತಿಗಾಗಲೇ ಶುರುವಾಗಿತ್ತು. ಹೊಸ ಬರಹ ತಜ್ಞರು ಕಾಗದದ ಅಕ್ಷರ ಅವಳದ್ದಿರಬಹುದು ಅಂದ ಸುದ್ದಿ ಮಾರ್ಚಿನಲ್ಲೇ ಸೋರಿತು. ಅಳು ಜಾಸ್ತಿಯಾಯಿತು, ಕಮ್ಮಿಯಾಯಿತು, ಹಾಕಿದ ಬಟ್ಟೆ ಸರಿಯಿಲ್ಲ, ಹೀಗೆ ದಿನಕ್ಕೊಂದು. ಇದರಲ್ಲಿ ಒಂದು ವಿಚಿತ್ರ ಇದೆ. ಅವಳೇ ಅಪರಾಧಿ ಅಂತ ನಂಬಿದ್ದ ಒಬ್ಬ ವರದಿಗಾರ ಮತ್ತವನ ಹೆಂಡತಿ ಸೇರಿ ಒಂದು ದೊಡ್ಡ ರೇಡಿಯೋಗೂ ಹಲವು ಪತ್ರಿಕೆಗಳಿಗೂ ಬೇರೆ ಬೇರೆ ಹೆಸರಿನಲ್ಲಿ ಸುದ್ದಿ ಕಳಿಸುತ್ತಿದ್ದರು. ಓದುಗನಿಗೆ ನಾಲ್ಕು ಕಡೆ ನಾಲ್ಕು ಜನ ಒಂದೇ ಮಾತು ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಹೆಸರು ಮರೆಸಿ ಬರೆಯುವುದಕ್ಕೆ ಫ್ರೆಂಚರು ಏನಂತಾರೆ ಅಂತ ಮೇಲೆಯೇ ಹೇಳಿದ್ದೇನೆ.

ಜುಲೈ 5ರಂದು ತಾಯಿಯ ಬಂಧನವಾಯಿತು. ಆಗ ಅವಳು ಬಸುರಿ. ಜೈಲಿನಲ್ಲಿ ಉಪವಾಸ ಕೂತಳು. ಹನ್ನೊಂದು ದಿನಕ್ಕೆ, ಜುಲೈ 16ರಂದು, ಮೇಲಿನ ನ್ಯಾಯಾಲಯ ಬಿಟ್ಟಿತು. ಮಾರನೇ ದಿನವೇ 'ಲಿಬೆರಾಸ್ಯೊಂ' ಪತ್ರಿಕೆಯಲ್ಲಿ ಮಾರ್ಗರಿತ್ ದ್ಯುರಾಸ್ ಅವರ ಲೇಖನ ಬಂತು. ದ್ಯುರಾಸ್ ಅಂದರೆ ಸಾಮಾನ್ಯರಲ್ಲ, ಹಿಂದಿನ ವರ್ಷವಷ್ಟೇ 'ಲಾಮಾಂ' ಕಾದಂಬರಿಗೆ ಗೊಂಕೂರ್ ಪ್ರಶಸ್ತಿ ಪಡೆದವರು. ಊರಿಗೆ ಹೋಗಿದ್ದರು, ತಾಯಿ ಅವರನ್ನು ನೋಡಲು ಒಪ್ಪಲಿಲ್ಲ. ದ್ಯುರಾಸ್ ಮನೆಯನ್ನು ಹೊರಗಿನಿಂದ ನೋಡಿದರು. ನೋಡಿದೊಡನೆ ಕೊಲೆ ಅಲ್ಲೇ ನಡೆದಿದೆ ಅಂತ ಹೊಳೆಯಿತಂತೆ. ಗಂಡನ ದಬ್ಬಾಳಿಕೆ, ಅಡುಗೆ ಕೆಟ್ಟರೆ ಬೀಳುವ ಏಟು, ಎಲ್ಲವನ್ನೂ ಊಹಿಸಿ, ಈ ತಾಯಿ ಮಗುವನ್ನು ಕೊಂದಿದ್ದಾಳೆ, ಆದರೂ ಅವಳು ಭವ್ಯೆ ಅಂತ ಬರೆದರು. ತಲೆಬರಹದಲ್ಲೇ 'ಭವ್ಯ' ಅನ್ನೋ ಪದ ಎರಡು ಸಲ! ಸಂಪಾದಕ ಸೆರ್ಜ್ ಜುಲಿ ಪಕ್ಕದಲ್ಲಿ ಸಮಜಾಯಿಷಿಯನ್ನೂ ಬರೆದರು. ಸಾಹಿತ್ಯಕ್ಕೆ ಗಡಿ ದಾಟುವ ಹಕ್ಕಿದೆ ಅನ್ನೋ ಧಾಟಿ. ಫ್ರಾಂಸ್ವಾಜ್ ಸಗಾನ್, ಸಿಮೋನ್ ಸಿನ್ಯೊರೆ ಮುಂತಾದವರು ಇದನ್ನು ಖಂಡಿಸಿದರು ಅನ್ನೋದು ಸಮಾಧಾನ.

ನಾವೆಲ್ಲ ಬರೆಯುವ ಚಟದವರೇ ಅಲ್ಲವಾ, ಅದಕ್ಕೇ ಈ ಲೇಖನದ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಬೀದಿ ಸುದ್ದಿಗಾರನನ್ನು ಬೈಯೋದು ಸುಲಭ. ಅವನಾದರೂ ಬಾಗಿಲು ತಟ್ಟಿದ. ಈ ದೊಡ್ಡ ಲೇಖಕಿಗೆ ಬಾಗಿಲು ತೆರೆಯದಿದ್ದದ್ದು ತೊಂದರೆಯೇ ಆಗಲಿಲ್ಲ, ಕಲ್ಪನೆಯಲ್ಲೇ ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂತರು. ಪ್ಯಾರಿಸಿನ ಓದುಗರಿಗೆ ವೊಲೊನ್ ಕಣಿವೆ ಅಂದರೆ ಕತ್ತಲೆ, ಮಳೆ, ಹಗೆತನದ ಬಣಗಳು ಅನ್ನೋ ಚಿತ್ರವನ್ನು ಪತ್ರಿಕೆಗಳು ಅಷ್ಟರಲ್ಲಿ ಕಟ್ಟಿಕೊಟ್ಟಿದ್ದವು. ಗಿರಣಿ ಕೆಲಸಗಾರರ ಜೀವನ ಅದಕ್ಕೆ ಮೊದಲು ಯಾರ ಮುಖಪುಟಕ್ಕೂ ಬೇಕಿರಲಿಲ್ಲ. ಬೇಕಾದಾಗ ಕಥೆಯ ಪಾತ್ರಗಳಾಗಿ ಮಾತ್ರ ಬೇಕಾದರು. ಅದೇ ಜುಲೈನಲ್ಲಿ ಭೂಮಿಯ ಇನ್ನೊಂದು ತುದಿ ಆಸ್ಟ್ರೇಲಿಯಾದಲ್ಲಿ ಲಿಂಡಿ ಚೇಂಬರ್ಲೇನ್ ಅನ್ನೋ ತಾಯಿ ಇದೇ ಥರದ ಆರೋಪದ ಮೇಲೆ ಜೈಲಿನಲ್ಲಿದ್ದಳು. ಅವಳ ಕೂಸನ್ನು ಡಿಂಗೊ ಅನ್ನೋ ಕಾಡುನಾಯಿ ಹೊತ್ತೊಯ್ದಿತ್ತು, ಅದನ್ನು ಅಧಿಕೃತವಾಗಿ ಒಪ್ಪಿಕೊಳ್ಳೋದಕ್ಕೆ 2012 ಬರಬೇಕಾಯಿತು.

ಮುಂದಿನದು ನಿಧಾನಕ್ಕೆ ನಡೆಯಿತು. 1987ರಲ್ಲಿ ತನಿಖೆ ದಿಜೊಂ ಊರಿನ ಹಿರಿಯ ನ್ಯಾಯಾಧೀಶ ಮೊರೀಸ್ ಸಿಮೊಂ ಅವರ ಕೈಗೆ ಬಂತು. ಅವರು ಮೊದಲಿನಿಂದ ಎಲ್ಲವನ್ನೂ ತಿರುಗಿ ನೋಡಿದರು. 1990ರಲ್ಲಿ ಹೃದಯಾಘಾತವಾಗಿ ಕೆಲಸ ಬಿಡಬೇಕಾಯಿತು. 1993ರ ಫೆಬ್ರವರಿ 3ರಂದು ನ್ಯಾಯಾಲಯ ತಾಯಿಯ ಮೇಲಿನ ಆರೋಪ ಕೈಬಿಟ್ಟಿತು. 'ಸಾಕ್ಷ್ಯ ಸಾಲದು' ಅಂತಲ್ಲ, ಆರೋಪಕ್ಕೆ ಆಧಾರವೇ ಸಂಪೂರ್ಣ ಇಲ್ಲ ಅಂತ ಬರೆದು. ಅದೇ ಡಿಸೆಂಬರಿನಲ್ಲಿ ಅಪ್ಪನಿಗೆ ಕೊಲೆಗಾಗಿ ಐದು ವರ್ಷ ಶಿಕ್ಷೆಯಾಯಿತು, ನಾಲ್ಕು ವರ್ಷ ಅಮಾನತಿನಲ್ಲಿ. ವಿಚಾರಣೆಗೆ ಮೊದಲೇ ಅವನು ಅದಕ್ಕಿಂತ ಹೆಚ್ಚು ಕಾಲ ಒಳಗಿದ್ದಾಗಿತ್ತು.

1993ರಲ್ಲೇ ಇನ್ನೊಂದು ಪುಸ್ತಕ ಬಂತು. 'ಯುರೋಪ್ 1' ರೇಡಿಯೋದ ವರದಿಗಾರ್ತಿಯಾಗಿ ಆ ಗುಂಪಿನಲ್ಲೇ ನಿಂತಿದ್ದ ಲೊರಾನ್ಸ್ ಲಕೂರ್ ಬರೆದದ್ದು. ಹೆಸರಿನ ಅರ್ಥ 'ನಿರಪರಾಧಿಗಳ ಚಿತೆ'. ಸುದ್ದಿ ಹೇಗೆ ಹುಟ್ಟಿತು, ಯಾರು ಯಾರಿಗೆ ಸೋರಿಸಿದರು, ಪೈಪೋಟಿ ಹೇಗಿತ್ತು ಅಂತ ತನ್ನ ಸಹೋದ್ಯೋಗಿಗಳ ಕಥೆಯನ್ನೇ ಬಿಚ್ಚಿಟ್ಟರು. ಪತ್ರಿಕೆಗಳ ಒಳಗಿನಿಂದ ಅಷ್ಟು ನೇರವಾಗಿ ಬಂದ ಬರಹ ಕಮ್ಮಿ. ಕಾನೂನೂ ಅಷ್ಟಿಷ್ಟು ಬದಲಾಯಿತು. ಬೇರೆ ಪ್ರಕರಣಗಳ ಪಾಠವೂ ಸೇರಿ, 2000ದ ಜೂನಿನಲ್ಲಿ ಬಂದ ಕಾಯ್ದೆಯ ಪ್ರಕಾರ ಶಿಕ್ಷೆಯಾಗದ ಆರೋಪಿಯ ಬೇಡಿ ತೊಟ್ಟ ಚಿತ್ರವನ್ನು ಅವನ ಒಪ್ಪಿಗೆ ಇಲ್ಲದೆ ಅಚ್ಚು ಹಾಕುವಂತಿಲ್ಲ.

2004ರಲ್ಲಿ ಪ್ಯಾರಿಸಿನ ನ್ಯಾಯಾಲಯ, ನ್ಯಾಯಾಂಗದ ಘೋರ ಲೋಪಕ್ಕಾಗಿ ಸರ್ಕಾರವೇ ತಂದೆ ತಾಯಿಗೆ ತಲಾ 35,000 ಯೂರೋ ಕೊಡಬೇಕು ಅಂದಿತು. 2017ರಲ್ಲಿ ತನಿಖೆ ಮತ್ತೆ ಎದ್ದಿತು, ಮತ್ತೆ ಆ ಕಣಿವೆಗೆ ಟಿವಿ ವ್ಯಾನುಗಳು ಬಂದವು. ಜುಲೈ 11ರಂದು, ನಿವೃತ್ತರಾಗಿದ್ದ ಲಾಂಬೇರ್ ತಮ್ಮ ಮನೆಯಲ್ಲಿ ಪ್ರಾಣ ಕಳೆದುಕೊಂಡರು. ಮಗುವಿನ ಕೊಲೆಗೆ ಇವತ್ತಿನವರೆಗೂ ಯಾರಿಗೂ ಶಿಕ್ಷೆಯಾಗಿಲ್ಲ.

ಗಂಡ ಹೆಂಡತಿ ಬೇರೆಯಾಗಲಿಲ್ಲ. ಊರು ಬಿಟ್ಟು ದೂರ ಹೋದರು, ಮತ್ತೆ ಮಕ್ಕಳಾದವು, ಪತ್ರಕರ್ತರಿಂದ ದೂರವೇ ಉಳಿದರು. ನಲವತ್ತು ವರ್ಷ ತುಂಬಿದಾಗ, 2024ರಲ್ಲಿ, ಆ ಅಪ್ಪ ಒಂದು ಚಿತ್ರಕಥಾ ಪುಸ್ತಕಕ್ಕಾಗಿ ಕೂತು ತಮ್ಮ ಕಡೆಯ ಕಥೆ ಹೇಳಿದ. ಅದಕ್ಕೆ ಮಗನ ಹೆಸರನ್ನಷ್ಟೇ ಇಟ್ಟರು.